ಕನ್ನಡಿಯ ಮೇಲಿನ ಬೆರಳು

ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಫೋಟೊಶಾಪನ್ನು ಯಾರೂ ಹೇಳಿಕೊಡಲಿಲ್ಲ. ಶಿಡ್ಲಘಟ್ಟದ ಸ್ಟುಡಿಯೋದಲ್ಲಿ ಕೂತು ಕೂತು ಕೈಗೆ ಬಂತು. ಸತ್ತವರ ಕಣ್ಣು ಬಿಡಿಸುವುದರಲ್ಲಿ ನನಗೆ ಹೆಸರಿತ್ತು. ಬದುಕಿದ್ದಾಗ ಒಂದು ಫೋಟೊವನ್ನೂ ತೆಗೆಸಿಕೊಳ್ಳದವರ ಮನೆಯವರು ಹೆಣದ ಫೋಟೊ ಹಿಡಿದು ಬರುತ್ತಿದ್ದರು. ಮೂಗಿನ ಹತ್ತಿ ಅಳಿಸಿ, ಮುಚ್ಚಿದ ರೆಪ್ಪೆಯ ಮೇಲೆ ಬೇರೆ ಯಾರದೋ ಕಣ್ಣು ತಂದು ಕೂರಿಸಿ, ಗೋಡೆಗೆ ಹಾಕುವಂತೆ ಮಾಡಿಕೊಡುತ್ತಿದ್ದೆ. ಆ ಕೈಕೆಲಸ ನೋಡಿಯೇ ಚಿಕ್ಕಬಳ್ಳಾಪುರದಲ್ಲಿ ಬೆರಳಚ್ಚಿನ ಪೊಲೀಸರು ನನ್ನನ್ನು ಗುತ್ತಿಗೆ ಮೇಲೆ ಕರೆದುಕೊಂಡರು.

ಅಲ್ಲಿನ ಸಾಹೇಬರು ಮೊದಲ ದಿನವೇ ಹೇಳಿದ್ದರು: “ಇದು ಮದುವೆ ಆಲ್ಬಮ್ ಅಲ್ಲ ಕಣಪ್ಪ. ಇರೋ ಗೆರೆ ಎದ್ದು ಕಾಣೋ ಹಂಗೆ ಮಾಡು. ಇಲ್ದಿರೋ ಗೆರೆ ಒಂದು ಎಳೆದ್ಯೋ, ಬೇರೆ ಮನುಷ್ಯನೇ ಆಗೋಗ್ತಾನೆ.”

ಒಮ್ಮೆ ಕಳವಾರದ ಕಡೆ ಕಲ್ಲುಕ್ವಾರಿಯ ನೀರಿನಲ್ಲಿ ಒಂದು ಹೆಣ ಸಿಕ್ಕಿತು. ಮುಖದ ಗುರುತು ಹತ್ತುವಂತಿರಲಿಲ್ಲ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುತ್ತಿದ್ದ ಒಬ್ಬ ಕಾಣೆಯಾಗಿದ್ದ. ಅವನ ಮನೆಯಿಂದ ಗಡ್ಡ ಹೆರೆಯುವ ಕನ್ನಡಿ ತಂದು, ಕರಿ ಪುಡಿ ಸವರಿ, ಮೇಲಿದ್ದ ಬೆರಳ ಗುರುತಿನ ಫೋಟೊ ತೆಗೆದರು. ಹೆಣದ ಬೆರಳಿನ ಫೋಟೊವೂ ಬಂತು. ಎರಡನ್ನೂ ಸ್ಪಷ್ಟ ಮಾಡಿಕೊಡುವುದು ನನ್ನ ಕೆಲಸ.

ಅವನ ಹೆಂಡತಿ ಬೆಳಗ್ಗೆಯೇ ಬಂದು ಹೊರಗಿನ ಬೆಂಚಿನ ಮೇಲೆ ಕೂತಿದ್ದಳು.

“ಕನ್ನಡಿ ಮುಟ್ಬೇಡಿ, ಕಲೆ ಆಗ್ತದೆ ಅಂತ ದಿನಾ ಬೈತಿದ್ದೆ ಅಣ್ಣ. ಆ ಹೆಣ ಅವ್ರದಲ್ಲ ಅಂತ ಬಂದ್ಬಿಟ್ರೆ ಸಾಕು. ಎಲ್ಲಾದ್ರೂ ಇರ್ಲಿ, ಯಾವಳ ಜೊತೆನಾದ್ರೂ ಇರ್ಲಿ.”

ಮೊದಲು ಕನ್ನಡಿಯ ಗುರುತು ತೆಗೆದುಕೊಂಡೆ. ಬಣ್ಣ ತೆಗೆದು ಕಪ್ಪನ್ನು ಇನ್ನಷ್ಟು ಕಪ್ಪಾಗಿಸಿದೆ. ಅಂಚಿನ ಗೆರೆಗಳು ಎದ್ದವು, ನಡುವೆ ಮಾತ್ರ ಖಾಲಿ. ತಿದ್ದಿದಷ್ಟೂ ಆ ಬಿಳಿ ಹಿಗ್ಗುತ್ತಿತ್ತು. ಆಮೇಲೆ ಹೆಣದ್ದು. ಬೆರಳನ್ನೇ ನೇರ ಫೋಟೊ ತೆಗೆದರೆ ಅದು ಅಚ್ಚಿಗೆ ಉಲ್ಟಾ ಇರುತ್ತದೆ. ಎಡವನ್ನು ಬಲಕ್ಕೆ ಹೊರಳಿಸಬೇಕು. ಹೊರಳಿಸಿದೆ. ಪರದೆಯ ಒಳಗಿನಿಂದ ಯಾರೋ ಗಾಜಿಗೆ ಬೆರಳೊತ್ತಿ ನಿಂತಂತೆ ಕಂಡಿತು. ನಡುವೆ ಅದೇ ಖಾಲಿ.

ನಮ್ಮಮ್ಮನೂ ನೂಲು ಬಿಚ್ಚಿದವಳೇ. ಬಿಸಿನೀರಿನಲ್ಲಿ ಗೂಡು ತಡಕಿ ತಡಕಿ ಅವಳ ಬೆರಳ ತುದಿ ನುಣುಪಾಗಿಹೋಗಿತ್ತು. ರೇಷನ್ ಅಂಗಡಿಯ ಮಿಷನ್ನಿಗೆ ಎಷ್ಟು ಒತ್ತಿದರೂ ಗುರುತು ಹತ್ತುತ್ತಿರಲಿಲ್ಲ. “ಈ ಮಿಷನ್ ಲೆಕ್ಕದಲ್ಲಿ ನಾನು ಸತ್ತೋಗಿದ್ದೀನಿ ಕಣೋ,” ಎಂದು ನಗುತ್ತಿದ್ದಳು.

ಪಕ್ಕದ ಗೆರೆಯನ್ನು ನಕಲು ಮಾಡಿ ತುಂಬುವ ಬ್ರಷ್‌ನ ಮೇಲೆ ಕೈ ತಾನಾಗಿಯೇ ಹೋಗಿತ್ತು. ಅಷ್ಟೊಂದು ಹೆಣಗಳ ಕಣ್ಣು ಬಿಡಿಸಿದ ಕೈ. ಖಾಲಿ ಜಾಗ ಕಂಡರೆ ಸುಮ್ಮನಿರದು. ಒಂದು ಬೆರಳಿಗೆ ಹೀಗೆ, ಇನ್ನೊಂದಕ್ಕೆ ಹಾಗೆ ನಾಲ್ಕು ಗೆರೆ ಎಳೆದರೆ ಎರಡೂ ತಾಳೆಯಾಗದೆ ಹೊರಗೆ ಕೂತವಳು ಕೇಳಿದ್ದು ಸಿಕ್ಕಿಬಿಡುತ್ತಿತ್ತು. ಮೌಸ್ ಬಿಟ್ಟು ಕೈ ತೊಡೆಯ ಮೇಲಿಟ್ಟುಕೊಂಡೆ. 

ಕೊನೆಗೆ ಬೆರಳಿನ ಪಕ್ಕೆಯ ಭಾಗವನ್ನಷ್ಟೇ ಗಾಢ ಮಾಡಿದೆ. ಉಗುರಿನ ಹತ್ತಿರ ಗೆರೆಗಳನ್ನು ಓರೆಯಾಗಿ ಕತ್ತರಿಸಿದ ಒಂದು ಹಳೆಯ ಗಾಯ. ಎರಡರಲ್ಲೂ. ಸುತ್ತ ಒಂದಿಷ್ಟು ಗೆರೆಗಳೂ ಬಿಡಿಬಿಡಿಯಾಗಿ ಎದ್ದವು. ತೀರ್ಮಾನ ನನ್ನದಲ್ಲ. ಸಾಹೇಬರು ಬಂದು ಬಹಳ ಹೊತ್ತು ಇಣುಕಿ, ಗೆರೆ ಗೆರೆ ತಾಳೆ ನೋಡಿ, “ಹ್ಞೂಂ, ಅವನೇ” ಎಂದು ಕನ್ನಡಕ ತೆಗೆದರು. ಹೊರಗೆ ಹೋಗಿ ಅವಳಿಗೆ ಅವರೇ ಹೇಳಿದರು.

ಅವಳು ಅಳಲಿಲ್ಲ. ಬಾಗಿಲಲ್ಲಿದ್ದ ನನ್ನ ಕಡೆ ತೋರುಬೆರಳೆತ್ತಿ ಅದರ ಪಕ್ಕೆ ತೋರಿಸಿದಳು. “ಇಲ್ಲೊಂದು ಗಾಯ ಇತ್ತಾ ಅಣ್ಣ?”

ಗಾಯದ ಸುದ್ದಿಯನ್ನು ನಾನಾಗಲಿ ಸಾಹೇಬರಾಗಲಿ ಅವಳ ಹತ್ತಿರ ಆಡಿರಲಿಲ್ಲ. ತಲೆಯಾಡಿಸಿದೆ.

“ಸೊಪ್ಪು ಕುಯ್ಯೋವಾಗ ಕುಡುಗೋಲು ತಗಲಿದ್ದು. ನಾನೇ ಅರಿಶಿನ ಮೆತ್ತಿದ್ದೆ.”

ಕೇಸು ಮುಗಿದ ಮೇಲೆ ಕನ್ನಡಿ ತೆಗೆದುಕೊಂಡು ಹೋಗಲು ಬಂದಳು. ಪುಡಿ ಒರೆಸಿ ಕೊಡೋಣವೆಂದು ನಾನು ಬಟ್ಟೆ ತೆಗೆದೆ.

“ಒರೆಸ್ಬೇಡಿ ಅಣ್ಣ,” ಎಂದು ಕನ್ನಡಿಯನ್ನು ಕಿತ್ತುಕೊಂಡಂತೆ ಈಸಿಕೊಂಡಳು. ಗಾಜು ಸೀರೆಗೆ ತಾಗದಂತೆ ಅಂಚು ಹಿಡಿದು ಬಾಗಿಲ ಕಡೆ ತಿರುಗಿದಳು. ತಿರುಗುವಾಗ ಅದರಲ್ಲಿ ನನ್ನ ಮುಖ ಕಂಡಿತು. ಒಂದು ಕಣ್ಣಿರಬೇಕಾದ ಕಡೆ ಆ ಕರಿ ಬೆರಳ ಗುರುತಿತ್ತು.