ನಿಂತಾಗ ಮನಿ, ಹೊಂಟಾಗ ಕುದರಿ

ಕಾಕುವಿನ ಬಲಗೈ ಹೆಬ್ಬೆರಳಿನ ಉಗುರು ಆಡಿನ ಗೊರಸಿನಂತಿತ್ತು. ದಪ್ಪ, ಕಪ್ಪು, ತುದಿಯಲ್ಲಿ ತುಸು ಬಾಗಿದ್ದು. ಅದೇ ಉಗುರಿನಿಂದ ಆಕೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು, ನಮ್ಮ ತಲೆಯ ಹೇನು ಕುಕ್ಕುತ್ತಿದ್ದಳು, ಡಬ್ಬಿಯ ಮುಚ್ಚಳ ಎಬ್ಬಿಸುತ್ತಿದ್ದಳು. ಬಸ್ಸು ಹೊರಡುವ ಮುಂಚೆ ನಮ್ಮ ಹೊಟ್ಟೆಗೆ ಕಟ್ಟಿದ ಪಟ್ಟಿಯೊಳಗೆ ಆ ಉಗುರನ್ನು ತೂರಿಸಿ ಒಮ್ಮೆ ಜಗ್ಗುತ್ತಿದ್ದಳು. ಉಗುರು ಸಲೀಸಾಗಿ ಹೊಕ್ಕರೆ ಪಟ್ಟಿ ಸಡಿಲ ಎಂದರ್ಥ. ಹೊಗದೇ ಇದ್ದರೆ ಬಿಗಿ ಹೆಚ್ಚಾಯಿತು ಎಂದರ್ಥ. ತುಸು ತಡವರಿಸಿ ಹೊಕ್ಕರೆ ಮಾತ್ರ ಆಕೆ ಮುಂದಿನ ಮಗುವಿನ ಕಡೆ ಸರಿಯುತ್ತಿದ್ದಳು.

ಕಾಕು ಎಂದರೆ ಚಿಕ್ಕಮ್ಮ, ಆದರೆ ಆಕೆ ನಮಗೆ ರಕ್ತಸಂಬಂಧದಿಂದ ಕಾಕು ಅಲ್ಲ. ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಕೊಲ್ಹಾಪುರ ಸೀಮೆಯ ಹಳ್ಳಿಹಳ್ಳಿಗೆ ಹೋಗಿ, ತಂಬು ಹೊಡೆದು ಸಿನೆಮಾ ತೋರಿಸುವ ಒಂದು ಟೂರಿಂಗ್ ಟಾಕೀಸಿನಲ್ಲಿ ನನ್ನ ಅಪ್ಪ ಕೆಲಸಕ್ಕಿದ್ದ. ಅದಕ್ಕೂ ಮೊದಲು ಆತ ಇಚಲಕರಂಜಿಯಲ್ಲಿ ಪಾವರಲೂಮಿನ ನೇಕಾರ. ಹತ್ತಿಯ ಧೂಳು ಎದೆಗೆ ಹತ್ತಿ ಕೆಮ್ಮು ಬಿಡದಾದಾಗ, ತಂಬು ಹೊಲಿಯುವ ಈ ಕೆಲಸ ಹಿಡಿದಿದ್ದ. ಸಿನೆಮಾದ ಯಂತ್ರ, ತಂಬು, ಬೊಂಬು ಎಲ್ಲ ಲಾರಿಯಲ್ಲಿ ಮುಂದೆ ಹೋಗುತ್ತಿದ್ದವು. ಕೆಲಸಗಾರರ ಸಂಸಾರಗಳು ಹಿಂದಿನಿಂದ ಒಂದು ಹಳೆಯ ಬಸ್ಸಿನಲ್ಲಿ. ಕಾಕು ಆ ಬಸ್ಸಿನ ಡ್ರೈವರನ ಹೆಂಡತಿ.

ಆ ಬಸ್ಸೇ ನಮ್ಮ ಮನೆ. ಮಾಲಕ ಅದರ ಸೀಟುಗಳನ್ನೆಲ್ಲ ಕಿತ್ತು ಹಾಕಿಸಿದ್ದ. ಒಳಗೆ ಒಲೆ, ಟ್ರಂಕು, ಹಿಟ್ಟಿನ ಡಬ್ಬಿ, ಒರಳು, ಸೀರೆಯ ಪರದೆ. ಮಳೆಗಾಲದಲ್ಲಿ ಟಾಕೀಸು ಬಂದಾದಾಗ ನಾವು ಇಚಲಕರಂಜಿಯ ಅಜ್ಜಿಯ ಮನೆಯಲ್ಲಿ. ಆಗ ನನಗೆ ಶಾಲೆ. ದೀಪಾವಳಿ ಮುಗಿಯಿತೆಂದರೆ ಮತ್ತೆ ಬಸ್ಸು. ಬಾಲವಾಡಿಯೂ ಅದೇ, ಅಂಗಳವೂ ಅದೇ.

ಕಾಕು ಉತ್ತೂರ ಕಡೆಯ ಕುರಿಗಾರರ ಮನೆಯವಳು. ಕುರಿ ಹಿಂಡಿನೊಂದಿಗೆ ಊರೂರು ಅಲೆಯುತ್ತಲೇ ಬೆಳೆದವಳು. ಅವರಲ್ಲಿ ಕುದುರೆಯ ಬೆನ್ನ ಮೇಲೆ ಕಂಬಳಿ, ಗಡಿಗೆ, ಆಗಷ್ಟೇ ಹುಟ್ಟಿದ ಕುರಿಮರಿ, ಕೂಸು ಎಲ್ಲವನ್ನೂ ಒಟ್ಟಿಗೆ ಕಟ್ಟಿ ಒಯ್ಯುತ್ತಾರೆ. ಡ್ರೈವರ ಕಾಕಾ ಆಕೆಯನ್ನು ಬಸ್ಸಿಗೆ ಕರೆತಂದ ಮೊದಲ ದಿನ, ಮಕ್ಕಳೆಲ್ಲ ಸಾಮಾನಿನ ಮೇಲೆ ಹತ್ತಿ ಇಳಿದು ಆಡುತ್ತಿದ್ದುದನ್ನು ನೋಡಿ ಆಕೆ ಬಾಗಿಲಲ್ಲೇ ನಿಂತುಬಿಟ್ಟಳಂತೆ.

"ಯವ್ವಾ, ಇದು ನಿಂತಾಗ ಮನಿ, ಹೊಂಟಾಗ ಕುದರಿ. ಕುದರಿ ಮ್ಯಾಲ ಕೂಸನ್ನ ಕಟ್ಟಲಾರ್ದ ಯಾರರ ಕುಂಡರಸ್ತಾರೇನ?"

ಸೀಟು ಕಿತ್ತ ಜಾಗದಲ್ಲಿ ಕಬ್ಬಿಣದ ಬೋಲ್ಟುಗಳು ಹಾಗೇ ಉಳಿದಿದ್ದವು. ಗಂಡನ ಬೆನ್ನು ಹತ್ತಿ ಅವಕ್ಕೆ ಕಬ್ಬಿಣದ ಬಳೆ ಹಾಕಿಸಿದಳು. ಹೊರಸಿನ ಮಂಚಕ್ಕೆ ಹೆಣೆಯುವ ಹತ್ತಿಯ ಹಳೆಯ ನವಾರ ತಂದು ಪಟ್ಟಿ ಹೊಲಿದಳು. ಹೊಟ್ಟೆಗೆ ಒತ್ತುವ ಕಡೆ ಕಂಬಳಿಯ ತುಂಡು ಇಟ್ಟಳು. ಪಟ್ಟಿ ಎರಡೂ ಭುಜದ ಮೇಲಿಂದ ಇಳಿದು, ಹೊಟ್ಟೆ ಸುತ್ತಿ, ಬೆನ್ನ ಹಿಂದಿನ ಬಳೆಗೆ ಹೋಗುತ್ತಿತ್ತು. ಅಲ್ಲಿ ಆಕೆಯ ಗಂಟು. ಎಷ್ಟು ಜಗ್ಗಾಡಿದರೂ ಹಿಡಿದುಕೊಂಡಿರುವ, ಆದರೆ ಒಂದು ತುದಿ ಎಳೆದರೆ ಸರಕ್ಕನೆ ಬಿಚ್ಚುವ ಗಂಟು. ಅದಕ್ಕೆ ಆಕೆ ಇಟ್ಟ ಹೆಸರು ಮರಿಗಂಟು. ಕುರಿಮರಿಗೆ ಹಾಕುವ ಗಂಟು ಅದು.

ಮಕ್ಕಳಿಗಿಂತ ಮೊದಲು ಸಾಮಾನು. ಒರಳಿಗೆ ಹಗ್ಗ, ಟ್ರಂಕಿಗೆ ಹಗ್ಗ, ಪಾತ್ರೆಯ ಬುಟ್ಟಿಗೆ ಹಗ್ಗ. "ನಿಂತ ಬಸ್ಸಿನ್ಯಾಗ ಹಿಟ್ಟಿನ ಡಬ್ಬಿ ಡಬ್ಬೀನ. ಓಡೂ ಬಸ್ಸಿನ್ಯಾಗ ಅದು ಕಲ್ಲ" ಎನ್ನುತ್ತಿದ್ದಳು. ಒಲೆಯ ಕೆಂಡ ಆರದೆ ಬಸ್ಸು ಹೊರಡುವ ಹಾಗಿಲ್ಲ. ಕೂಸುಗಳನ್ನು ಯಾರೂ ತೊಡೆಯ ಮೇಲೆ ಇಟ್ಟುಕೊಳ್ಳುವ ಹಾಗಿಲ್ಲ.

ಇದಕ್ಕೆ ನನ್ನ ಅವ್ವನೇ ಮೊದಲು ತಿರುಗಿಬಿದ್ದಳು. ನನ್ನ ತಮ್ಮ ಆಗ ಎದೆಹಾಲಿನ ಕೂಸು.

"ಹಡದ ತಾಯಿ ಉಡಿಗಿಂತ ನಿಮ್ಮ ನವಾರ ಹೆಚ್ಚೇನ್ರಿ?"

"ಉಡಿ ಭಾಳ ಚಲೋದು ತಂಗಿ" ಎಂದಳು ಕಾಕು. "ಆದ್ರ ನಮ್ಮಾಂವ ಬ್ರೇಕ್ ಹಾಕಿದಾಗ ನೀ ಕಂಬೀ ಹಿಡೀತಿಯೋ ಕೂಸು ಹಿಡೀತಿಯೋ? ಎರಡೂ ಹಿಡ್ಯಾಕ ನಿನಗೇನ ನಾಕ ಕೈ ಅದಾವ?"

ಅವ್ವ ಎರಡು ದಿನ ಮಾತು ಬಿಟ್ಟಳು. ಆಮೇಲೆ ಒಂದು ಮಧ್ಯಾಹ್ನ ಎಮ್ಮೆ ಅಡ್ಡ ಬಂದು ಬಸ್ಸು ಗಕ್ಕನೆ ನಿಂತಿತು. ಅವ್ವನ ಎರಡೂ ಕೈ ತಾವಾಗಿಯೇ ಕಂಬಿಗೆ ಹೋದವು. ಆಕೆ ತನ್ನ ಕೈಗಳನ್ನೇ ನೋಡುತ್ತ ಕೂತಳು. ಪಟ್ಟಿಯಲ್ಲಿದ್ದ ತಮ್ಮ ಎಚ್ಚರ ಕೂಡ ಆಗದೆ ಮಲಗಿದ್ದ. ಅಂದಿನಿಂದ ಅವ್ವ ತಾನೇ ಮುಂದಾಗಿ, "ಅಕ್ಕಾರ, ಮೊದಲ ನಮ್ಮವನ್ನ ಕಟ್ಟರಿ" ಎನ್ನತೊಡಗಿದಳು.

ಎಲ್ಲ ಆದ ಮೇಲೆ ಕಾಕು ಬಸ್ಸಿನ ತಗಡಿಗೆ ಅಂಗೈಯಿಂದ ಬಡಿದು "ಹೂಂ, ನಡೀ" ಎನ್ನುತ್ತಿದ್ದಳು. ಆ ಸದ್ದು ಬರುವವರೆಗೆ ಡ್ರೈವರ ಕಾಕಾ ಬೀಡಿ ಸೇದುತ್ತ ಕೂತಿರುತ್ತಿದ್ದ. ಒಮ್ಮೆ ನಾಂದಣಿಯಿಂದ ಹೊರಡುವಾಗ ಮಾಲಕನಿಗೆ ತಡೆಯದಾಯಿತು. ಕಿಟಕಿಗೆ ಮುಖ ಹಾಕಿ ಮರಾಠಿಯಲ್ಲಿ, "ಅಹೋ ಬಾಯಿ, ಚಲಾ ಕೀ ಆತಾ! ಉಶೀರ ಹೋತೋಯ" ಎಂದು ಅವಸರ ಮಾಡಿದ. ಕಾಕು ತಿರುಗಿಯೂ ನೋಡಲಿಲ್ಲ. "ಥಾಂಬಾ ಮಾಲಕ. ಪೋರಂ ಬಾಂಧಲ್ಯಾಶಿವಾಯ ಗಾಡಿ ಹಲಣಾರ ನಾಹೀ." ಮಕ್ಕಳನ್ನು ಕಟ್ಟದೆ ಗಾಡಿ ಅಲುಗದು. ಮಾಲಕ ಡ್ರೈವರನ ಕಡೆ ನೋಡಿದ. ಡ್ರೈವರ ಕಾಕಾ ನಕ್ಕು, "ನನ್ನ ಕಡೆ ಯಾಕ ನೋಡ್ತೀರಿ? ಬಸ್ ನಿಮ್ಮದು, ಸ್ಟೇರಿಂಗ ನಂದು, ಹುಕುಂ ಆಕೀದು" ಎಂದ.

ಕಾಕುವಿನ ಗಂಟನ್ನು ಕೊನೆಯವರೆಗೂ ಒಪ್ಪದೆ ಉಳಿದವನು ನನ್ನ ಅಪ್ಪ ಒಬ್ಬನೇ. ನೇಕಾರನಿಗೆ ಗಂಟು ಎಂದರೆ ಕುಲದ ಮಾತು. ಎಳೆ ಹರಿದಲ್ಲಿ ಆತ ಹಾಕುವ ಗಂಟು ಸಾಸಿವೆಗಿಂತ ಸಣ್ಣದು. ಬಟ್ಟೆ ಹರಿದರೂ ಅದು ಬಿಚ್ಚದು. "ಎಳದ್ರ ಬಿಚ್ಚೂದು ಗಂಟ ಅಂತಾರೇನ್ರಿ ಅಕ್ಕಾರ? ಅದು ಬರೇ ನೆವಾ" ಎಂದು ಹಂಗಿಸುತ್ತಿದ್ದ. ಕಾಕುವೂ ಬಿಡುತ್ತಿರಲಿಲ್ಲ. "ನೇಕಾರ ಅಣ್ಣಾರು ಗಂಟ ಹಾಕಿದ್ರ ಸ್ವಂತ ಚೊಣ್ಣಾ ಬಿಚ್ಚಾಕೂ ಕತ್ರಿ ಬೇಕ ನೋಡ್ರಿ" ಎಂದರೆ ಬಸ್ಸಿಗೆ ಬಸ್ಸೇ ನಗುತ್ತಿತ್ತು.

ತಮ್ಮ ಮೂರು ವರ್ಷದವನಾದಾಗ ಅಪ್ಪನ ಮಾತಿಗೆ ಬಲ ಬಂತು. ಆ ತುಂಟ, ಭುಜದ ಪಟ್ಟಿ ಜಾರಿಸಿ, ಪಟ್ಟಿಯೊಳಗೇ ಮೈ ತಿರುಗಿಸಿ, ಬೆನ್ನ ಹಿಂದಿನ ಗಂಟನ್ನು ಮುಂದೆ ತಂದು, ತುದಿ ಎಳೆದು ಬಿಡಿಸಿಕೊಳ್ಳುವುದನ್ನು ಕಲಿತುಬಿಟ್ಟ. ಓಡುವ ಬಸ್ಸಿನಲ್ಲಿ ಕೇಕೆ ಹಾಕುತ್ತ ಹಿಂಬಾಗಿಲ ತನಕ ಓಡಿದ. ಕಾಕು ಹಿಡಿದು ತಂದು, ಭುಜದ ಪಟ್ಟಿಗಳು ಜಾರದಂತೆ ಅವುಗಳ ನಡುವೆ ಇನ್ನೊಂದು ಪಟ್ಟಿ ಹೊಲಿಯಲು ಕೂತಳು. ಅದು ಹೊಲಿದು ಮುಗಿಯುವ ಮುಂಚೆಯೇ ನಾವು ಗಡಹಿಂಗ್ಲಜದಿಂದ ನೂಲ ಎಂಬ ಊರಿಗೆ ಹೊರಡುವ ದಿನ ಬಂತು. ಆಕೆ ಎಲ್ಲರನ್ನೂ ಕಟ್ಟಿ, ತಗಡು ಬಡಿದು ಮುಂದೆ ಹೋದಳು. ಆಗ ಅಪ್ಪ ತಮ್ಮನ ಹಿಂದೆ ಕೂತು, ಆಕೆಯ ಗಂಟು ಬಿಚ್ಚಿ, ರೂಢಿಯಂತೆ ಎಂಜಲು ಹಚ್ಚಿ, ಪಟ್ಟಿಯ ತುದಿಗಳಿಗೆ ತನ್ನ ನೇಕಾರರ ಗಂಟು ಹಾಕಿದ. ತುದಿಗಳು ಕಾಣದಂತೆ ಒಳಗೆ ಸೇರಿಸಿದ. "ಈಗ ಬಿಚ್ಚು ಮಗನ, ನೋಡೂಣು" ಎಂದ. ತಮ್ಮ ಎಷ್ಟು ಒದ್ದಾಡಿದರೂ ಬಿಚ್ಚಲಿಲ್ಲ. ಅಪ್ಪ ನನ್ನತ್ತ ನೋಡಿ ಹುಬ್ಬು ಹಾರಿಸಿದ.

ನೂಲದ ದಾರಿಯಲ್ಲಿ ಒಂದು ಹಳ್ಳ. ಹಿಂದಿನ ದಿನ ಕಾಲವಲ್ಲದ ಕಾಲದಲ್ಲಿ ಅಡ್ಡಮಳೆಯಾಗಿತ್ತು. ಲಾರಿ ದಾಟಿ ಹೋದ ಗುರುತು ಆಚೆ ದಡದಲ್ಲಿ ಕಾಣುತ್ತಿತ್ತು, ನೀರು ಮೊಣಕಾಲಿಗೂ ಇರಲಿಲ್ಲ. ಆ ಧೈರ್ಯದಿಂದ ಡ್ರೈವರ ಕಾಕಾ ಬಸ್ಸು ಇಳಿಸಿದ. ನಟ್ಟನಡುವೆ ಒಂದು ಗಾಲಿ ಉಸುಕಿನಲ್ಲಿ ಹೂತು, ಬಸ್ಸು ಒಂದು ಕಡೆ ವಾಲಿ, ಎಂಜಿನ್ ನಿಂತಿತು. ಗಂಡಸರು ಇಳಿದು ನೂಕತೊಡಗಿದರು. ಆಗ ಮೇಲಿನಿಂದ ಕೆಂಪು ನೀರು ಬಂತು. ಎಲ್ಲೋ ಗುಡ್ಡದಲ್ಲಿ ಮತ್ತೆ ಮಳೆ ಬಿದ್ದಿರಬೇಕು. ನೋಡನೋಡುತ್ತಿದ್ದಂತೆ ಬಸ್ಸಿನ ವಾಲಿದ ಮಗ್ಗುಲಿನಿಂದ ನೀರು ಒಳಗೆ ಹರಿಯಿತು.

ಹೆಂಗಸರು ಬೊಬ್ಬೆ ಹೊಡೆದರು. ಕಾಕು ಹೊಡೆಯಲಿಲ್ಲ. ತಗ್ಗಿನ ಕಡೆಯ ಮಕ್ಕಳಿಂದ ಸುರು ಮಾಡಿದಳು. ಒಂದು ಎಳೆತ, ಒಂದು ಕೂಸು. ಇನ್ನೊಂದು ಎಳೆತ, ಇನ್ನೊಂದು ಕೂಸು. ದೊಡ್ಡವಳೆಂದು ನನ್ನನ್ನು ಬೇಗ ಬಿಡಿಸಿ ಹಿಂಬಾಗಿಲಲ್ಲಿ ನಿಲ್ಲಿಸಿದ್ದಳು. ನಾನು ಮಕ್ಕಳನ್ನು ಕೆಳಗೆ ನೀರಿನಲ್ಲಿ ನಿಂತ ಗಂಡಸರ ಕೈಗೆ ದಾಟಿಸುತ್ತಿದ್ದೆ. ಅಪ್ಪ ಒಂದೊಂದು ಮುಖವನ್ನೂ ನೋಡಿ ಮುಂದಿನವರಿಗೆ ಕೊಡುತ್ತಿದ್ದ.

"ನಮ್ಮಾಂವ ಎಲ್ಲಿ? ನಮ್ಮಾಂವ ಯಾಕ ಬರವಲ್ಲ?" ಎಂದು ಅಪ್ಪ ತಮ್ಮನಿಗಾಗಿ ಕೂಗಿದ.

ಒಳಗಿನಿಂದ ಕಾಕುವಿನ ದನಿ ಬಂತು. "ಅಣ್ಣಾರ, ಇಲ್ಲಿ ಬರ್ರಿ. ಇದು ನನ್ನ ಗಂಟಲ್ಲ."

ಅಪ್ಪ ಹತ್ತಿ ಬಂದ. ತಮ್ಮ ಹೊಟ್ಟೆಯ ತನಕ ನೀರಿನಲ್ಲಿ ಕೂತಿದ್ದ. ಕಾಕುವಿನ ಆ ಗೊರಸಿನಂಥ ಉಗುರು ಗಂಟಿನೊಳಗೆ ಹೊಗಲಾರದೆ ಜಾರುತ್ತಿತ್ತು. ಹತ್ತಿಯ ನವಾರ ನೆನೆದಷ್ಟೂ ಬಿಗಿಯುತ್ತದೆ.

"ನಾನ ಕಟ್ಟೇನ್ರಿ ಅಕ್ಕಾರ..."

"ಮೊದಲ ಬಿಚ್ಚರಿ. ಆಮ್ಯಾಲ ಹೇಳೀರಂತ."

ಸಾವಿರಾರು ಎಳೆ ಜೋಡಿಸಿದ ಅಪ್ಪನ ಬೆರಳುಗಳು ತನ್ನದೇ ಗಂಟಿನ ತುದಿ ಹುಡುಕಿದವು, ಸಿಗಲಿಲ್ಲ. ಹಲ್ಲು ಹಚ್ಚಿದ. ಆಗಲಿಲ್ಲ. "ಬಿಚ್ಚವಲ್ದು... ನನ್ನ ಗಂಟ ನನಗ ಬಿಚ್ಚವಲ್ದು!" ತಮ್ಮ ಅಳುವುದನ್ನು ನಿಲ್ಲಿಸಿ ಅಪ್ಪನ ಮುಖವನ್ನೇ ನೋಡುತ್ತಿದ್ದ. ನೀರು ಅವನ ಎದೆಗೆ ಬಂದಿತ್ತು.

ಕಾಕು ಎದ್ದಳು. ಪಾತ್ರೆಯ ಬುಟ್ಟಿಯ ಹಗ್ಗದ ತುದಿ ಎಳೆದಳು. ಬುಟ್ಟಿ ಬಿಚ್ಚಿಕೊಂಡಿತು. ಅದರೊಳಗಿನ ಕುಡಗೋಲು ತೆಗೆದು, ತಮ್ಮನ ಹೊಟ್ಟೆ ಮತ್ತು ಪಟ್ಟಿಯ ನಡುವೆ ತನ್ನ ಎಡಗೈ ತೂರಿಸಿ, ಅಂಗೈ ಮೇಲೆಯೇ ಪಟ್ಟಿ ಕೊಯ್ದಳು. ಪಟ್ಟಿಯೊಂದಿಗೆ ಅಂಗೈಯೂ ಹರಿಯಿತು. ಕೂಸಿಗೆ ಗೆರೆಯೂ ಮೂಡಲಿಲ್ಲ.

"ಹೂಂ, ಹಿಡೀರಿ ನಿಮ್ಮ ಮಗನ್ನ."

ಎಲ್ಲರೂ ದಡ ಸೇರಿದ ಮೇಲೆ ಆಕೆ ಕೊನೆಗೆ ಇಳಿದು ಬಂದಳು. ಸಂಜೆ ನೀರು ಇಳಿದ ಮೇಲೆ ಎತ್ತು ಕಟ್ಟಿ ಬಸ್ಸು ಎಳೆಸಿದರು, ಅದು ಬೇರೆ ಮಾತು. ಅದಕ್ಕೂ ಮುಂಚೆ ಹಳ್ಳದ ದಡದಲ್ಲಿ ನಡೆದದ್ದೇ ನನಗೆ ದೊಡ್ಡದು. ಅಪ್ಪ ತಲೆ ಬಗ್ಗಿಸಿ ಕೂತಿದ್ದ. ಎಲ್ಲರೂ ಆತನನ್ನು ಬೈಯುವ ಉಮೇದಿನಲ್ಲಿದ್ದರು. ಅವ್ವನಂತೂ ಬಾಯಿ ತೆರೆದೇ ಇದ್ದಳು. ಅಂಗೈಗೆ ಅರಿವೆ ಸುತ್ತಿಕೊಳ್ಳುತ್ತಿದ್ದ ಕಾಕು ಅಷ್ಟರಲ್ಲಿ ಹೇಳಿದಳು:

"ಯಾರೂ ಏನೂ ಅನಬ್ಯಾಡ್ರಿ. ಅಣ್ಣಾರ ಗಂಟು ಖರೇ ಗಂಟ. ನೇಯೂ ಅರಿವೀಗೆ ಬಿಚ್ಚಲಾರದ ಗಂಟ ಬೇಕು, ಕೂಸಿಗೆ ಬಿಚ್ಚೂ ಗಂಟ ಬೇಕು. ಅಷ್ಟ ಫರಕ."

ಅಪ್ಪ ಎದ್ದು, ಕೊಯ್ದ ಪಟ್ಟಿಯ ತುಂಡುಗಳನ್ನು ಆಕೆಯ ಮುಂದೆ ಹಿಡಿದ. ಕೈಯ ಕಸುಬಿನಲ್ಲಿ ಯಾರಿಗೂ ತಲೆ ಬಾಗದ ಮನುಷ್ಯ, ಸುದ್ದಿ ಕೇಳಿ ಓಡಿಬಂದಿದ್ದ ಮಾಲಕನ ಎದುರು, ಹೆಂಡತಿ ಮಕ್ಕಳ ಎದುರು ಕೇಳಿದ: "ಕಲಿಸ್ರಿ ಅಕ್ಕಾರ ನನಗ."

ಕಾಕು ಒಂದೇ ಕೈಯಿಂದ ಕಲಿಸಿದಳು. ಅಪ್ಪ ಕಲಿತ. ನನಗೆ ಆ ಇಬ್ಬರ ಬಗ್ಗೆಯೂ ಇವತ್ತಿಗೂ ಹೆಮ್ಮೆ. ಅಲ್ಲಿಂದ ಮುಂದೆ ಮಕ್ಕಳನ್ನು ಕಟ್ಟುವಾಗ ಅಪ್ಪ ಒಂದು ಸಾಲು, ಕಾಕು ಒಂದು ಸಾಲು. ಆದರೆ ತಗಡು ಬಡಿಯುವ ಹಕ್ಕನ್ನು ಮಾತ್ರ ಆಕೆ ಯಾರಿಗೂ ಬಿಟ್ಟುಕೊಡಲಿಲ್ಲ. ಅಂಗೈಯ ಗಾಯದ ಗೆರೆಯನ್ನು ನಮಗೆ ತೋರಿಸಿ, "ಇದ ನೋಡ, ನಿಮ್ಮಪ್ಪನ ಸಹಿ" ಎಂದು ನಗುತ್ತಿದ್ದಳು. ಊರೂರಲ್ಲಿ ನೀರಿಗೆ ಬಂದ ಹೆಂಗಸರ ಮುಂದೆ ಜಂಬವನ್ನೂ ಕೊಚ್ಚುತ್ತಿದ್ದಳು. "ಈ ಸೀಮಿ ಎಲ್ಲಾ ಘಾಟ ಏರೇವಿ, ಎಲ್ಲಾ ಹಳ್ಳಾ ಇಳದೇವಿ. ನನ್ನ ಬಸ್ಸಿನ್ಯಾಗಿನ ಒಂದ ಕೂಸಿನ ಹಲ್ಲ ಸುದ್ದಾ ಮುರದಿಲ್ಲ ತಗೀರಿ!" ಆ ಜಂಬ ಆಕೆಗೆ ಒಪ್ಪುತ್ತಿತ್ತು. ದುಡಿದು ಗಳಿಸಿದ ಜಂಬ ಅದು.

ಮುಂದೆ ನನ್ನನ್ನು ಓದಿಗೆಂದು ಇಚಲಕರಂಜಿಯಲ್ಲಿ ಅಜ್ಜಿಯ ಹತ್ತಿರವೇ ಬಿಟ್ಟರು. ಟಾಕೀಸು ಮುಚ್ಚಿತು. ಬಸ್ಸು ಗುಜರಿಗೆ ಹೋಯಿತು. ಕಾಕು ಉತ್ತೂರಿಗೆ ಮರಳಿದಳು. ನಾನು ಮಗ್ಗದ ನೂಲಿನ ಕಂಡಿಕೆ ಸುತ್ತುತ್ತ ಮ್ಯಾಟ್ರಿಕ್ ದಾಟಿದೆ, ಕೊಲ್ಹಾಪುರದಲ್ಲಿ ಮಂದಿಯ ಮನೆಯ ಅಡುಗೆ ಮಾಡಿ ಬಿ.ಎ. ಮುಗಿಸಿದೆ. ನಮ್ಮ ಮನೆತನದಲ್ಲಿ ಸಹಿ ಮಾಡಲು ಬಂದವರೇ ಇರಲಿಲ್ಲ. ಪೇಢೆ ತೆಗೆದುಕೊಂಡು ಉತ್ತೂರಿಗೆ ಹೋದೆ.

"ಬಿ.ಎ. ಅಂದ್ರ ಭಾಳ ದೊಡ್ಡದೇನವಾ?"

"ನಮ್ಮ ಮನ್ಯಾಗ ನಾನ ಮೊದಲನೇದಾಕಿ, ಕಾಕು."

ಆಕೆ ಪೇಢೆಯನ್ನು ಬಾಯಿಗೆ ಹಾಕಿಕೊಳ್ಳದೆ ಓಣಿಗೆ ಇಳಿದಳು. ಎದುರು ಮನೆಯವರಿಗೆ ಕೇಳುವಂತೆ ಕೂಗಿದಳು. "ನೋಡ ಬರ್ರಿ, ನಾ ಕಟ್ಟಿದ ಕೂಸು ಬಿ.ಎ. ಆಗೇತಿ!" ಪದವಿ ಪಡೆದ ದಿನ ಕೂಡ ನನ್ನ ಎದೆ ಅಷ್ಟು ಉಬ್ಬಿರಲಿಲ್ಲ.

ಅದರ ಮರುವರ್ಷ ಆಕೆ ತೀರಿಕೊಂಡಳು. ಸುದ್ದಿ ಬಾಯಿಂದ ಬಾಯಿಗೆ ಹೋಯಿತು. ಇಚಲಕರಂಜಿಯ ಲೂಮುಗಳಿಂದ, ಕೊಲ್ಹಾಪುರದಿಂದ, ಗಡಹಿಂಗ್ಲಜದ ಪೇಟೆಯಿಂದ ಒಬ್ಬೊಬ್ಬರಾಗಿ ಬಂದರು. ಕೆಲವರ ಕಂಕುಳಲ್ಲಿ ಅವರದೇ ಕೂಸುಗಳು. ಮಣ್ಣು ಕೊಡುವ ಹೊತ್ತಿಗೆ ಊರ ಹಿರಿಯನೊಬ್ಬ ನಮ್ಮ ಗುಂಪನ್ನು ತಡೆದ. ಮೊದಲ ಹಿಡಿ ಮಣ್ಣು ಸಂಬಂಧಿಕರದು.

"ನೀವು ಆಕೀಗೆ ಏನಾಗಬೇಕ್ರಿ? ಯಾರ ಕಡ್ಯಾವ್ರು?"

ಮೀಸೆ ಚಿಗುರುತ್ತಿದ್ದ ನನ್ನ ತಮ್ಮ ಮುಂದೆ ಬಂದು, "ಬಸ್ಸಿನ ಕಡ್ಯಾವ್ರ್ರಿ" ಎಂದ.

ಹಿರಿಯ ಕಾಕುವಿನ ಗಂಡುಮಕ್ಕಳ ಮುಖ ನೋಡಿದ. ಅವರೂ ಅದೇ ಬಸ್ಸಿನಲ್ಲಿ ಕಟ್ಟಿಸಿಕೊಂಡು ಬೆಳೆದವರು. ಅವರು ಸರಿದು ಜಾಗ ಬಿಟ್ಟರು. ನಾವು ಒಬ್ಬರ ಹಿಂದೆ ಒಬ್ಬರು ಹೋಗಿ ಮಣ್ಣು ಕೊಟ್ಟೆವು. ಆ ಬಸ್ಸಿನಲ್ಲಿ ಬೆಳೆದ ಮಕ್ಕಳೆಲ್ಲ ಅಲ್ಲಿದ್ದೆವು. ಒಬ್ಬರೂ ಕಡಿಮೆ ಇರಲಿಲ್ಲ.