ತೊಟ್ಟಿಲ ಬಳೆಗೆ ಕಟ್ಟಿದ್ದ ವೈರು

೧೯೯೫ರಲ್ಲಿ ನಾನು ಶ್ರೀರಂಗಪಟ್ಟಣದಲ್ಲಿ ಮನೆಗಳ ವೈರಿಂಗ್ ಕೆಲಸ ಮಾಡಿಕೊಂಡಿದ್ದೆ. ಒಂದು ಭಾನುವಾರ ಬೆಳಿಗ್ಗೆ, ನನ್ನ ಎರಡನೇ ರೊಟ್ಟಿ ಇನ್ನೂ ತಟ್ಟೆಯಲ್ಲೇ ಇತ್ತು, ಪಾಂಡವಪುರದ ಕಡೆಯ ಹಳ್ಳಿಯಿಂದ ನಿಂಗರಾಜು ಮೊಪೆಡ್ಡಿನಲ್ಲಿ ಬಂದ. ಅವರ ಮನೆಗೆ ಒಂಬತ್ತು ವರ್ಷದ ಹಿಂದೆ ವೈರಿಂಗ್ ಮಾಡಿದವನು ನಾನೇ.

"ಅಣ್ಣ, ನಮ್ಮಕ್ಕನ ಮಗೀನ ತೊಟ್ಲುಶಾಸ್ತ್ರ ಇವತ್ತು ಸಂಜೆ. ನಡುಮನೆ ಲೈಟು ಒಡ್ದಾಕ್ಬುಟ್ಟೆ. ಅಜ್ಜಿ ಮನೇಲಿ ನಿಲ್ಲಕ್ಕೇ ಬುಡ್ತಿಲ್ಲ!"

ಆ ಮನೆಯಲ್ಲಿ ತೊಟ್ಟಿಲು ಕಟ್ಟುವುದು ಸೋದರಮಾವನ ಹಕ್ಕು. ನಡುಮನೆಯ ತೊಲೆಯಲ್ಲಿ ಒಂದು ಕಬ್ಬಿಣದ ಬಳೆಯಿದೆ. ಮೂರು ತಲೆಮಾರಿನ ಮಕ್ಕಳು ಅದರಲ್ಲೇ ತೂಗಿಸಿಕೊಂಡವರು. ಹಿಂದಿನ ಮಧ್ಯಾಹ್ನ ಹಿತ್ತಾಳೆ ಸರಪಳಿಯ ಅಳತೆ ನೋಡಲು ಹೋಗಿ ನಿಂಗರಾಜು ಪಕ್ಕದ ದೀಪಕ್ಕೇ ಬೀಸಿದ್ದ. ಗಾಜು ಪುಡಿ, ಹೋಲ್ಡರು ಎರಡು ಹೋಳು.

ನಾವು ಹೋದಾಗ ಕೆಂಪಜ್ಜಿ ಬಾಗಿಲಲ್ಲೇ ಕೂತಿದ್ದರು. ಕಣ್ಣು ಮಂಜು. "ಬಂದ್ಯಾ ಶಿವಣ್ಣ? ಬೆಳಕಿಲ್ದೆ ನನ್ ಮರಿಮಗೀನ ಮಕ ಎಂಗ್ಲಾ ನೋಡ್ಲಿ? ಈ ಕಪಿ ಮಾಡಿರೋ ಕೆಲ್ಸ ನೋಡು!"

"ಅಜ್ಜಿ, ಕಪಿ ಅಲ್ಲ ಕಣವ್ವ, ಸೋದರಮಾವ," ಎಂದ ನಿಂಗರಾಜು.

ಮೈನ್ ಆಫ್ ಮಾಡಿ ಫ್ಯೂಸನ್ನು ಕಿತ್ತು ಜೇಬಿಗೆ ಹಾಕಿಕೊಂಡೆ. ಒಡೆದ ಹೋಲ್ಡರ್ ಬಿಚ್ಚಿ, ಸುಟ್ಟ ವೈರಿನ ತುದಿ ಕತ್ತರಿಸಿ, ಹೊಸ ಹೋಲ್ಡರ್ ಕೂರಿಸಿದೆ. ಬಲ್ಬ್ ಹಾಕಿ, ಅದರ ಸುತ್ತ ಗಾಜಿನ ಹೊಸ ಬುರುಡೆಯನ್ನು ಮೂರು ಸ್ಕ್ರೂಗಳಿಂದ ಬಿಗಿದೆ. ಕೆಳಗಿಳಿದು ಫ್ಯೂಸ್ ಹಾಕಿ, ಮೈನ್ ಕೊಟ್ಟು ಸ್ವಿಚ್ ಒತ್ತಿದ್ದೇ ತಡ, ಮಸಿ ಹಿಡಿದ ತೊಲೆಯೆಲ್ಲ ಬೆಳಗಿತು. ಹೆಂಗಸರು ಓ ಎಂದರು. ನಿಂಗರಾಜು ಸರಪಳಿ ಹಿಡಿದು ಸ್ಟೂಲ್ ಹತ್ತಿಯೇಬಿಟ್ಟ.

ದೀಪ ಹತ್ತಿದ ಮೇಲೆ ಸುತ್ತಲಿನ ಲೋಹಕ್ಕೆಲ್ಲ ಒಮ್ಮೆ ಟೆಸ್ಟರ್ ಮುಟ್ಟಿಸುವುದು ನನ್ನ ಗುರುಗಳು ಕಲಿಸಿದ ರೂಢಿ. ಕರೆಂಟ್ ಇದ್ದರೆ ಅದರ ಹಿಡಿಯೊಳಗಿನ ಪುಟ್ಟ ದೀಪ ಹೊತ್ತುತ್ತದೆ. ಏಣಿ ತೆಗೆಯಲು ಹೋದವನು ಮತ್ತೆ ಹತ್ತಿ ಬಳೆಗೆ ಮುಟ್ಟಿಸಿದೆ. ಹೊತ್ತಿತು!

"ಸರಪಳಿ ಕೆಳಗಾಕು! ಇಳಿಯೋ, ಇಳಿ!"

ನನ್ನ ಕೂಗಿಗೆ ಅವನು ಸ್ಟೂಲಿನಿಂದ ಹಾರಿಯೇ ಬಿದ್ದ. ನಿನ್ನೆ ಸ್ವಿಚ್ ಆಫ್ ಇದ್ದದ್ದರಿಂದ ಬದುಕಿದ್ದ. ಮರದ ತೊಲೆಯಲ್ಲಿ ಕರೆಂಟ್ ಹರಿಯದು. ಹಾಗಾಗಿ ಫ್ಯೂಸೂ ಹೋಗದೆ ಬಳೆ ಸದ್ದಿಲ್ಲದೆ ಕಾದು ಕೂತಿತ್ತು. ಆ ಬಳೆಗೆ ಹಿತ್ತಾಳೆ ಸರಪಳಿ, ಸರಪಳಿಯಲ್ಲಿ ಹಸುಗೂಸು.

ಮೈನ್ ಮತ್ತೆ ಆಫ್ ಮಾಡಿ, ತೊಲೆಯ ಹಿಂಬದಿಗೆ ಬ್ಯಾಟರಿ ಬೆಳಕು ಬಿಟ್ಟೆ. ವೈರನ್ನು ಬಳೆಗೆ ಎರಡು ಸುತ್ತು ಸುತ್ತಿ ಕಟ್ಟಲಾಗಿತ್ತು. ಹೊಗೆಗೆ, ಶಾಖಕ್ಕೆ ಅದರ ಸಿಪ್ಪೆ ಬಿರಿದು ಒಳಗಿನ ತಂತಿ ಬಳೆಗೆ ತಾಗಿತ್ತು. ಗಂಟು ನೋಡಿದ ಕೂಡಲೇ ಗುರುತು ಹತ್ತಿತು. ಜೋತಾಡುತ್ತಿದ್ದ ವೈರಿಗೆ ಕೈಗೆ ಸಿಕ್ಕ ಬಳೆ ಅನುಕೂಲವಾಯಿತೆಂದು ಅಂದು ಕಟ್ಟಿದ್ದೆ. ಆಗ ಮನೆಯಲ್ಲಿ ಕೂಸುಗಳಿರಲಿಲ್ಲ. ಯಾವುದೋ ಹಳೆಯ ಕೊಕ್ಕೆ ಎಂದುಕೊಂಡಿದ್ದೆ.

"ಅಜ್ಜಿ, ಈ ಗಂಟು ನಂದೇ," ಎಂದೆ.

ಅಜ್ಜಿ ಅಂದರು: "ನೀನ್ ಕಟ್ಟಿದ್ದ ನೀನೇ ಬಿಚ್ಚಕ್ ಬಂದಿದ್ದೀಯಲ್ಲ, ಬಿಚ್ಲಾ ಮತ್ತೆ. ಮುತ್ತೈದೇರು ಬರೋ ಒತ್ತಾಯ್ತು!"

ಹೊಸ ವೈರನ್ನು ಬಳೆಯಿಂದ ಮೊಳ ದೂರದಲ್ಲಿ ಮರದ ಪಟ್ಟಿಯೊಳಗೆ ಎಳೆದೆ. ದೀಪ ಹಾಕಿ ಟೆಸ್ಟರ್ ಮುಟ್ಟಿಸಿದೆ, ಹೊತ್ತಲಿಲ್ಲ. ಮೂರು ಸಲ ನೋಡಿದೆ. ಆಮೇಲೆ ಆ ಬಳೆಗೆ ಮೊದಲು ಕೈ ಹಾಕಿ ನೇತುಬಿದ್ದವನು ನಾನು, ಆಮೇಲಷ್ಟೇ ನಿಂಗರಾಜುವಿನ ಸರಪಳಿ.

ನಾಲ್ಕೂವರೆಗೆ ಕೂಸು ತೊಟ್ಟಿಲಿಗೆ ಬಂತು. ಅಜ್ಜಿ ಬಗ್ಗಿ, ಮೂಗಿಗೆ ಮೂಗು ತಾಗಿಸುವಷ್ಟು ಹತ್ತಿರದಿಂದ ನೋಡಿ, "ನಮ್ ಯಜಮಾನ್ರ ಮೂಗೇ ಕಣ್ರವ್ವಾ!" ಎಂದು ಕೂಗಿದರು.

ಅಲ್ಲಿಂದಾಚೆ ಯಾವ ಮನೆಗೆ ಹೋದರೂ ಏಣಿ ಇಡುವ ಮೊದಲು ಮನೆಯ ಹಿರಿಯ ಹೆಂಗಸನ್ನು ಕರೆದು, ಸೂರಿನ ಪ್ರತಿ ಕೊಕ್ಕೆ, ಬಳೆ, ಮೊಳೆ ತೋರಿಸಿ ಕೇಳುತ್ತೇನೆ: ಇದು ಯಾತಕ್ಕವ್ವ? ಕೆಲವರು ನಗುತ್ತಾರೆ. ಕೆಂಪಜ್ಜಿಯನ್ನು ಅಂದೇ ಕೇಳಿದ್ದರೆ ಒಂದೇ ಮಾತಿನಲ್ಲಿ ಹೇಳುತ್ತಿದ್ದರು.