ಗೊರಸಿನ ಅರಿಶಿನ

ದೆವ್ವ, ಗಾಳಿ, ಶಕುನ ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುತ್ತಿದ್ದೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳಿಗೆ ಅದಕ್ಕೆಲ್ಲ ತಾಳ್ಮೆ ಎಲ್ಲಿಂದ ಬರಬೇಕು? ಈಗ ನಾನೇ ಅಂಥದ್ದೊಂದನ್ನು ಹೇಳಹೊರಟಿದ್ದೇನೆ. ನೀವು ಎದ್ದು ಹೋದರೆ ನನಗೆ ಬೇಸರವಿಲ್ಲ.

ಎಪ್ಪತ್ತರ ದಶಕದಲ್ಲಿ ನಾವು ಮಲ್ಲೇಶ್ವರದಲ್ಲಿ ಬಾಡಿಗೆಗಿದ್ದೆವು. ಮದುವೆಯಾದ ಹೊಸತು. ಭಾನುವಾರ ಬೆಳಿಗ್ಗೆ ನಮ್ಮ ಯಜಮಾನರು ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಮತ್ತಿಕೆರೆ ದಾಟಿ ಒಂದು ಕೆರೆಗೆ ಕರೆದೊಯ್ಯುತ್ತಿದ್ದರು. ಆಚೆ ದಡ ಕಾಣದಷ್ಟು ನೀರು, ಜೊಂಡು, ತಾವರೆ. ಚಳಿಗಾಲದಲ್ಲಿ ಎಲ್ಲೆಲ್ಲಿಂದಲೋ ಬಾತುಗಳು ಬಂದಿಳಿಯುತ್ತಿದ್ದವು. ಹಕ್ಕಿ ನೋಡುವುದನ್ನು ನನಗೆ ಕಲಿಸಿದವರು ಅವರೇ. ಹಣೆಯಲ್ಲಿ ಬಿಳಿ ಗುರುತಿರುವುದು ನಾಮದ ಕೋಳಿ, ನೋಡುತ್ತಿದ್ದಂತೆಯೇ ಮುಳುಗಿ ಮಾಯವಾಗುವುದು ಗುಳುಮುಳುಕ. ಈ ಗುಳುಮುಳುಕ ನೀರುಸೊಪ್ಪು ಸೇರಿಸಿ ತೇಲುವ ಗೂಡು ಕಟ್ಟುತ್ತದೆ. ಅದನ್ನು ತೋರಿಸಲು ಒಮ್ಮೆ ತಮ್ಮ ಪಂಚೆ ಎತ್ತಿಕಟ್ಟಿ, ನನ್ನ ಕೈಹಿಡಿದು ಮೊಣಕಾಲುದ್ದ ನೀರಿಗೆ ಇಳಿಸಿದ್ದರು. ಆ ಬೆಳಿಗ್ಗೆ ಅವರ ಮೇಲೆ ಹುಟ್ಟಿದ ಪ್ರೀತಿ ದೊಡ್ಡದು. ಆಮೇಲೆ ಬಂದ ಸಿಟ್ಟೂ ಅಷ್ಟೇ ದೊಡ್ಡದು.

ಎಂಬತ್ತರ ದಶಕದಲ್ಲಿ ಆ ಕೆರೆಯ ಏರಿ ಒಡೆದು ನೀರು ಹರಿಯಬಿಟ್ಟರು. ಲಾರಿಗಟ್ಟಲೆ ಮಣ್ಣು ಸುರಿದು, ಕಲ್ಲು ನೆಟ್ಟು ಸೈಟು ಮಾಡಿದರು. ನಾನು ಕಂಡಕಂಡವರ ಮುಂದೆ ಬೈದುಕೊಂಡು ಓಡಾಡುತ್ತಿದ್ದರೆ, ಇವರು ನನಗೊಂದು ಮಾತೂ ಹೇಳದೆ ಅಲ್ಲೇ ಒಂದು ಸೈಟು ತೆಗೆದುಕೊಂಡು ಬಂದರು.

“ನಾನು ತಗೊಳ್ದಿದ್ರೆ ಇನ್ನೊಬ್ಬ ತಗೋತಾನೆ. ಕೆರೆ ವಾಪಸ್ ಬರುತ್ತಾ?” ಎಂದರು.

“ಇನ್ನೊಬ್ಬ ತಗೊಂಡಿದ್ರೆ ಪಾಪ, ಗೊತ್ತಿಲ್ಲದೋನು ಅಂತ ಬಿಡ್ತಿದ್ದೆ. ನಿಮಗೆ ಗೊತ್ತಿತ್ತಲ್ರೀ,” ಎಂದೆ.

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಅಲ್ಲಿ ಮನೆ ಕಟ್ಟಿಸಿದಾಗ, ಆ ಮನೆಗೆ ಕಾಲಿಡುವುದಿಲ್ಲ ಎಂದು ಹಟ ಹಿಡಿದೆ. ಎರಡೂ ಕಡೆಯ ಹಿರಿಯರು ಸೇರಿ ನನ್ನನ್ನು ಒಪ್ಪಿಸಿದರು. ಒಪ್ಪಿಸಿದರು ಎನ್ನುವುದಕ್ಕಿಂತ ಬಾಯಿ ಮುಚ್ಚಿಸಿದರು ಎಂದರೆ ಸರಿ.

ಗೃಹಪ್ರವೇಶ ನಡುಬೇಸಿಗೆಯಲ್ಲಿ, ಬೆಳಕು ಹರಿಯುವ ಹೊತ್ತಿಗೆ. ಬಡಾವಣೆಗೆ ಇನ್ನೂ ನಲ್ಲಿ ಬಂದಿರಲಿಲ್ಲ. ಹೋಮಕ್ಕೂ ಅಡುಗೆಗೂ ಡ್ರಮ್ಮಿನಲ್ಲಿ ನೀರು ತರಿಸಿ ಮುಂಬಾಗಿಲ ಹೊರಗೆ ಇಟ್ಟಿದ್ದೆವು. ಹೊಸ ಮನೆಗೆ ಮೊದಲು ಹಸು ಹೋಗಬೇಕಲ್ಲ, ಮತ್ತಿಕೆರೆಯ ಹಾಲಿನ ಮುನಿಯಪ್ಪ ತನ್ನದನ್ನು ತಂದಿದ್ದ. ಬಾಗಿಲ ಮುಂದೆ ನಿಲ್ಲಿಸಿ ಅದರ ಗೊರಸುಗಳಿಗೆ ನಾನೇ ಅರಿಶಿನ ಹಚ್ಚಿದೆ. ಸಿಟ್ಟಿನಲ್ಲಿ ಕೈ ಕೊಂಚ ಜೋರಾಗಿಯೇ ಓಡಿತು, ಗೊರಸೆಲ್ಲ ಹಳದಿಯಾಯಿತು.

ಮುನಿಯಪ್ಪ ಹಗ್ಗ ಹಿಡಿದು ಮುಂದೆ ನಡೆದ. ಹಸುವಿನ ಹಿಂದೆ ನಾನು, ನಮ್ಮ ಯಜಮಾನರು. ದೇವರ ಕೋಣೆಯ ಮುಂದೆ ಅದು ನಿಂತಿತು. ಕತ್ತು ಬಗ್ಗಿಸಿ, ಬರಿ ನೆಲದ ಮೇಲೆ ನೀರು ಕುಡಿಯುವಂತೆ ಬಾಯಾಡಿಸಿತು. ಆಮೇಲೆ ಒಂದೊಂದೇ ಕಾಲನ್ನು ಎತ್ತೆತ್ತಿ ಇಡುತ್ತ ಹಿತ್ತಿಲ ಬಾಗಿಲಿನಿಂದ ಹೊರಗೆ ಹೋಯಿತು. ಬೆಳಕಿನಲ್ಲಿ ನೋಡಿದರೆ ಮೊಣಕಾಲಿನವರೆಗೆ ಒದ್ದೆ. ಗೊರಸಿನಲ್ಲಿ ಅರಿಶಿನದ ಗುರುತೂ ಇರಲಿಲ್ಲ. ಹಿಂಗಾಲಿಗೆ ಹಸಿ ನೀರುಸೊಪ್ಪು ಸುತ್ತಿಕೊಂಡಿತ್ತು.

“ಅಮ್ಮಾವ್ರೇ, ಇದ್ಯಾವಾಗ ನೀರಿಗಿಳೀತು?” ಎಂದ ಮುನಿಯಪ್ಪ. ಅವನ ಕಾಲು ಒಣಗಿತ್ತು. ನನ್ನದೂ.

ನಮ್ಮ ಯಜಮಾನರು ಹೆಗಲ ಮೇಲಿದ್ದ ಹೊಸ ರೇಷ್ಮೆ ಶಲ್ಯ ಎಳೆದು, ಬಗ್ಗಿ, ಹಸುವಿನ ಕಾಲುಗಳನ್ನು ಒರೆಸಿದರು. ಸೊಪ್ಪನ್ನು ಬಿಡಿಸಿ ಕಾಂಪೌಂಡಿನಾಚೆ ಎಸೆದರು. “ದಾರೀಲಿ ಎಲ್ಲೋ ತುಳ್ದಿರುತ್ತೆ, ನಡಿಯಪ್ಪ,” ಎಂದರು. ನೆಂಟರು ಹಿತ್ತಿಲಿಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ವಿಜ್ಞಾನದ ಮೇಷ್ಟರಮ್ಮ ಸುಮ್ಮನೆ ಕೂರಲಿಲ್ಲ. ಡ್ರಮ್ಮು ಚೆಲ್ಲಿತ್ತೇ ಎಂದು ನೋಡಿದೆ, ಇಲ್ಲ. ಒಳಗಿನ ನೆಲವನ್ನು ಕೈಯಿಂದ ಮುಟ್ಟಿ ನೋಡಿದೆ, ಒಣಗಿ ಬೆಚ್ಚಗಿತ್ತು. ಇವತ್ತಿಗೂ ನನ್ನ ಹತ್ತಿರ ಉತ್ತರವಿಲ್ಲ, ಅದನ್ನು ಒಪ್ಪಿಕೊಳ್ಳಲು ನಾಚಿಕೆಯೂ ಇಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ಕೇಳಿದೆ, “ನೀವು ತೋರಿಸಿದ ಗೂಡು ಇದ್ದದ್ದು ಎಲ್ಲಿ?”

ಅವರು ದೇವರ ಕೋಣೆಯ ಕಡೆ ನೋಡಿದರು. “ಸಾರು ಹಾಕು,” ಎಂದರು.

ಇಷ್ಟು ವರ್ಷಗಳಲ್ಲಿ ಎಷ್ಟು ಸಲ ಕೇಳಿದರೂ ಹಸು ದಾರಿಯಲ್ಲಿ ಕೆಸರು ತುಳಿದಿತ್ತು ಎನ್ನುವುದೊಂದೇ ಮಾತು. ನನಗೆ ಮೈಯುರಿಯುವುದು ಅದಕ್ಕೇ. ಯಾಕೆಂದರೆ ಈಗಲೂ ದೇವರ ಕೋಣೆಯ ಮುಂದೆ ಹಾಯುವಾಗ ಅವರು ಪಂಚೆಯನ್ನು ಮೊಣಕಾಲಿಗೆ ಎತ್ತಿಕೊಳ್ಳುತ್ತಾರೆ.